ಕತ್ತಿನಿಂದ ಇಳಿದುಬಂದ ಸ್ನಾಯು

ಪಿತ್ತಕೋಶದ ಕಲ್ಲಿಗೆ ಲ್ಯಾಪರೋಸ್ಕೋಪಿ ಮಾಡಿಸಿಕೊಂಡ ಅನೇಕರು ಮಾರನೆಯ ದಿನ ಡಾಕ್ಟರ ಮುಂದೆ ವಿಚಿತ್ರವಾದ ದೂರೊಂದನ್ನು ಇಡುತ್ತಾರೆ: ಹೊಟ್ಟೆಗಿಂತ ಭುಜವೇ ಹೆಚ್ಚು ನೋಯುತ್ತಿದೆ! ಮಲಗಿದ್ದಲ್ಲೇ ಉಳುಕಿರಬೇಕೆಂದು ಮನೆಯವರು ಎಣ್ಣೆ ಹಚ್ಚಲು ಹೊರಡುತ್ತಾರೆ. ಭುಜಕ್ಕೆ ಏನೂ ಆಗಿರುವುದಿಲ್ಲ. ಆಪರೇಷನ್ ವೇಳೆ ಹೊಟ್ಟೆ ಉಬ್ಬಿಸಲು ತುಂಬಿದ ಇಂಗಾಲದ ಡೈಆಕ್ಸೈಡಿನಲ್ಲಿ ಒಂದಿಷ್ಟು ಒಳಗೇ ಉಳಿದು, ಮೇಲೇರಿ, ಉಸಿರಾಟದ ಸ್ನಾಯುವಾದ ವಪೆಯ ತಳಭಾಗವನ್ನು ಕೆಣಕುತ್ತಿರುತ್ತದೆ.

ವಪೆ ಇರುವುದು ಎದೆಗೂ ಹೊಟ್ಟೆಗೂ ನಡುವೆ. ಅದನ್ನು ಕೆಣಕಿದರೆ ಭುಜವೇಕೆ ನೋಯಬೇಕು? ಏಕೆಂದರೆ ಅದು ಹುಟ್ಟಿದ್ದು ಈಗಿರುವ ಜಾಗದಲ್ಲಲ್ಲ.

ನಾಲ್ಕು ವಾರದ ಭ್ರೂಣದಲ್ಲಿ ವಪೆಯ ಮೊದಲ ತುಣುಕು ಕಾಣಿಸಿಕೊಳ್ಳುವುದು ಕತ್ತಿನ ಮಟ್ಟದಲ್ಲಿ. ಕತ್ತಿನ ಮೂರು, ನಾಲ್ಕು, ಐದನೆಯ ನರಗಳಿಂದ ಎಳೆಗಳು ಬಂದು ಆಗಲೇ ಅದನ್ನು ಸೇರುತ್ತವೆ. ಮುಂದಿನ ನಾಲ್ಕು ವಾರಗಳಲ್ಲಿ ಭ್ರೂಣದ ಬೆನ್ನು ಭರದಿಂದ ಬೆಳೆದಂತೆ ವಪೆ ಕೆಳಗಿಳಿಯುತ್ತಾ ಸೊಂಟದ ಮೇಲ್ಭಾಗದವರೆಗೂ ಬರುತ್ತದೆ. ನರ ತನ್ನ ಬೇರನ್ನು ಕತ್ತಿನಲ್ಲೇ ಬಿಟ್ಟು, ಉದ್ದವಾಗುತ್ತಾ, ಹೃದಯದ ಪಕ್ಕದಲ್ಲೇ ಹಾದು ವಪೆಯನ್ನು ಹಿಂಬಾಲಿಸಿ ಇಳಿಯುತ್ತದೆ. ಇದಕ್ಕೆ ಫ್ರೆನಿಕ್ ನರವೆಂದು ಹೆಸರು, ಎಡಕ್ಕೊಂದು, ಬಲಕ್ಕೊಂದು. ಭುಜದ ಮೇಲಿನ ಚರ್ಮದ ಸಂವೇದನೆಯೂ ಕತ್ತಿನ ಮೂರು, ನಾಲ್ಕನೆಯ ನರಗಳ ಮೂಲಕವೇ ಬೆನ್ನುಹುರಿಗೆ ತಲುಪುವುದರಿಂದ, ದೂರು ಎಲ್ಲಿಂದ ಬಂತೆಂದು ಮಿದುಳಿಗೆ ಗೊಂದಲವಾಗುತ್ತದೆ. ಅಪಘಾತದಲ್ಲಿ ಪೆಟ್ಟು ತಿಂದವರಿಗೆ ಎಡಭುಜ ನೋಯತೊಡಗಿದರೆ ಗುಲ್ಮ ಒಡೆದಿರಬಹುದೆಂದು ವೈದ್ಯರು ಅನುಮಾನಿಸುವುದೂ ಇದೇ ಕಾರಣಕ್ಕೆ.

ಶಾಲೆಯ ಪುಸ್ತಕದ ಚಿತ್ರದಲ್ಲಿ ವಪೆಯ ಪಾಲಿಗೆ ಬರುವುದು ಶ್ವಾಸಕೋಶದ ಕೆಳಗಿನ ಒಂದು ಬಾಗಿದ ಗೆರೆ ಮಾತ್ರ. ಇದು ಅನ್ಯಾಯವೇ ಸರಿ. ನಿಜದಲ್ಲಿ ಅದು ಎರಡು ಗುಮ್ಮಟಗಳ ಚಾವಣಿ. ಕೆಳಗೆ ಯಕೃತ್ತು ಇರುವುದರಿಂದ ಬಲಗುಮ್ಮಟ ತುಸು ಎತ್ತರ. ಸ್ನಾಯುವಿನ ಎಳೆಗಳು ಎದೆಮೂಳೆಯ ತುದಿ, ಕೆಳಗಿನ ಆರು ಜೊತೆ ಪಕ್ಕೆಲುಬು ಮತ್ತು ಸೊಂಟದ ಮಣಿಗಳಿಂದ ಹೊರಟು ನಡುವಿನ ಗಟ್ಟಿ ಪೊರೆಗೆ ಬಂದು ಸೇರುತ್ತವೆ. ಅವು ಸೆಟೆದಾಗ ಗುಮ್ಮಟ ತಗ್ಗಿ, ಎದೆಗೂಡು ಹಿಗ್ಗಿ, ಗಾಳಿ ಒಳಗೆ ನುಗ್ಗುತ್ತದೆ. ಸಾಧಾರಣ ಉಸಿರಿಗೆ ಒಂದೆರಡು ಸೆಂಟಿಮೀಟರ್ ಇಳಿದರೆ ಸಾಕು. ಆಳವಾಗಿ ಎಳೆದುಕೊಂಡಾಗ ಆ ಇಳಿತ ಏಳೆಂಟಕ್ಕೂ ಏರಬಹುದು. ಕನಸು ಬೀಳುವ ನಿದ್ರೆಯಲ್ಲಿ ಕೈಕಾಲಿನ ಸ್ನಾಯುಗಳೆಲ್ಲ ಸಡಿಲಗೊಂಡರೂ ಇದಕ್ಕೆ ರಜೆಯಿಲ್ಲ.

ಈ ಚಾವಣಿಯಲ್ಲಿ ಮೂರು ದೊಡ್ಡ ದಾರಿಗಳಿವೆ, ಒಂದೊಂದರದೂ ಒಂದೊಂದು ಜಾಣ್ಮೆ. ಕೆಳಗಿನಿಂದ ಹೃದಯಕ್ಕೆ ರಕ್ತ ಒಯ್ಯುವ ಮಹಾಸಿರೆ ನಡುವಿನ ಪೊರೆಯನ್ನೇ ತೂರಿ ಹೋಗುತ್ತದೆ. ಉಸಿರೆಳೆದಾಗ ಆ ರಂಧ್ರ ಮುಚ್ಚಿಕೊಳ್ಳುವ ಬದಲು ಹಿಗ್ಗಿ ರಕ್ತ ಸಲೀಸಾಗಿ ಮೇಲೇರುತ್ತದೆ. ಮಹಾಪಧಮನಿ ವಪೆಯ ಬೆನ್ನ ಹಿಂದಿನಿಂದ ಸಾಗುವುದರಿಂದ ಹಿಂಡಿಸಿಕೊಳ್ಳುವ ಭಯ ಅದಕ್ಕಿಲ್ಲ. ಅನ್ನನಾಳದ್ದು ಬೇರೆಯೇ ಲೆಕ್ಕ. ಅದರ ಸುತ್ತ ಸ್ನಾಯುವೇ ಕುಣಿಕೆಯಾಗಿದ್ದು, ಜಠರದ ಆಮ್ಲ ಮೇಲೆ ಉಕ್ಕದಂತೆ ಬಿಗಿಹಿಡಿಯುತ್ತದೆ. ವಯಸ್ಸಾದಂತೆ ಕುಣಿಕೆ ಸಡಿಲಗೊಂಡು ಜಠರದ ತುದಿ ಎದೆಗೆ ನುಸುಳಿದರೆ ಎದೆಯುರಿ ಬೆನ್ನು ಹತ್ತುತ್ತದೆ.

ಭ್ರೂಣದಲ್ಲಿ ಕೆಳಗಿಳಿಯುವ ಹೊತ್ತಿನಲ್ಲಿ ವಪೆ ಪೂರ್ತಿ ಮುಚ್ಚಿಕೊಳ್ಳದಿದ್ದರೆ? ಸುಮಾರು ಮೂರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ, ಹೆಚ್ಚಾಗಿ ಎಡಭಾಗದಲ್ಲಿ. ಪ್ರಾಗ್‌ನ ಅಂಗರಚನಾತಜ್ಞ ಬೊಖ್‌ಡಾಲೆಕ್ 1848ರಲ್ಲಿ ವಿವರಿಸಿದ ಈ ಕಂಡಿಯಿಂದ ಕರುಳು ಮೇಲೆ ನುಗ್ಗಿ ಶ್ವಾಸಕೋಶ ಬೆಳೆಯಲು ಜಾಗ ಬಿಡುವುದಿಲ್ಲ. ಹಿಂದೆ ಹುಟ್ಟಿದ ಕೂಡಲೇ ಕಂಡಿ ಹೊಲಿಯಲು ಧಾವಿಸುತ್ತಿದ್ದರು. ಈಗ ಮೊದಲು ಉಸಿರಾಟ, ರಕ್ತದೊತ್ತಡಗಳನ್ನು ಸ್ಥಿರಗೊಳಿಸಿ, ಆಮೇಲೆ ಹೊಲಿಯುತ್ತಾರೆ. ಜೀವಕ್ಕೆ ಕುತ್ತು ತರುವುದು ಕಂಡಿಗಿಂತ ಹೆಚ್ಚಾಗಿ ಬಲಿಯದ ಶ್ವಾಸಕೋಶ.

ಫ್ರೆನಿಕ್ ನರದ ಬೇರು ಕತ್ತಿನಲ್ಲಿರುವುದು ದೊಡ್ಡವರಿಗೆ ಒಮ್ಮೊಮ್ಮೆ ವರ, ಒಮ್ಮೊಮ್ಮೆ ಶಾಪ. ಕತ್ತಿನ ಬುಡದಲ್ಲಿ ಬೆನ್ನುಹುರಿ ತುಂಡಾದರೆ ಪಕ್ಕೆಲುಬುಗಳ ಸ್ನಾಯುಗಳು ಸತ್ತಂತಾದರೂ ವಪೆ ಒಂಟಿಯಾಗಿ ಉಸಿರಾಡಿಸುತ್ತದೆ. ಪೆಟ್ಟು ಮೂರನೆಯ ನರಕ್ಕಿಂತ ಮೇಲೆ ಬಿದ್ದರೆ ವೆಂಟಿಲೇಟರೇ ಗತಿ. ಸೂಪರ್‌ಮ್ಯಾನ್ ಪಾತ್ರದ ನಟ ಕ್ರಿಸ್ಟೋಫರ್ ರೀವ್‌ಗೆ 1995ರಲ್ಲಿ ಕುದುರೆಯಿಂದ ಬಿದ್ದಾಗ ಆದದ್ದು ಇದೇ. 2003ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನ ವೈದ್ಯರು ಅವರ ವಪೆಗೆ ಸಣ್ಣ ತಂತಿಗಳನ್ನು ಹೊಲಿದು ವಿದ್ಯುತ್ ಮಿಡಿತ ಕೊಟ್ಟರು. ದಿನದಲ್ಲಿ ಕೆಲವು ಗಂಟೆ ಯಂತ್ರ ಬಿಟ್ಟು ಉಸಿರಾಡಲು ಅವರಿಗೆ ಸಾಧ್ಯವಾಯಿತು.

ಬೆನ್ನುಹುರಿಯ ಪೆಟ್ಟಿಗೆ ಈ ಸಾಧನವನ್ನು ಬಳಸಲು ಅಮೆರಿಕ 2008ರಲ್ಲಿ ಒಪ್ಪಿಗೆ ಕೊಟ್ಟಿತು. ಸ್ನಾಯುಗಳನ್ನು ನಡೆಸುವ ನರಕೋಶಗಳೇ ಸಾಯುತ್ತಾ ಹೋಗುವ ಎ.ಎಲ್.ಎಸ್. ಕಾಯಿಲೆಗೂ ಅದು ನೆರವಾದೀತೆಂದು ಆಸೆಯಿತ್ತು. ಬ್ರಿಟನ್ನಿನಲ್ಲಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಹೇಳಿತು: ಮುಖಕ್ಕೆ ಮಾಸ್ಕ್ ಹಾಕುವ ಸಾಮಾನ್ಯ ಉಸಿರಾಟದ ನೆರವಷ್ಟೇ ಪಡೆದವರಿಗಿಂತ, ಅದರ ಜೊತೆ ತಂತಿಯನ್ನೂ ಹಾಕಿಸಿಕೊಂಡವರೇ ಬೇಗ ತೀರಿಕೊಂಡಿದ್ದರು.