ಯಕೃತ್ತಿನ ರೋಗ ಮತ್ತು ರಕ್ತದ ಸಮತೋಲ

ಗಾಯವಾದಾಗ ರಕ್ತವು ಹೆಪ್ಪುಗಟ್ಟಬೇಕು. ಗಾಯವಿಲ್ಲದಾಗ ಅದು ನಾಳಗಳಲ್ಲಿ ತಡೆಯಿಲ್ಲದೆ ಹರಿಯಬೇಕು. ಪರಸ್ಪರ ವಿರುದ್ಧವೆಂದು ತೋರುವ ಈ ಎರಡೂ ಕಾರ್ಯಗಳ ಹೊಣೆಯನ್ನು ಬಹುಮಟ್ಟಿಗೆ ಹೊತ್ತಿರುವ ಅಂಗವೇ ಯಕೃತ್ತು.

ಫೈಬ್ರಿನೋಜನ್, ಪ್ರೋಥ್ರಾಂಬಿನ್ ಮೊದಲಾದ, ರಕ್ತವನ್ನು ಹೆಪ್ಪುಗಟ್ಟಿಸುವ ಸಸಾರಜನಕಗಳಲ್ಲಿ ಹೆಚ್ಚಿನವು ಯಕೃತ್ತಿನಲ್ಲಿಯೇ ಸಿದ್ಧವಾಗುತ್ತವೆ. ಇವುಗಳಲ್ಲಿ ಕೆಲವಕ್ಕೆ 'ಕೆ' ಜೀವಸತ್ವವು ಅವಶ್ಯಕ. ಇದನ್ನು ಕಂಡುಹಿಡಿದ ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಅವರು 1943ನೆಯ ವರ್ಷದ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಕರುಳು ಈ ಜೀವಸತ್ವವನ್ನು ಹೀರಿಕೊಳ್ಳಲು ಪಿತ್ತರಸ ಬೇಕು. ಆದುದರಿಂದಲೇ ಪಿತ್ತದ ಹರಿವು ನಿಂತ ಕಾಮಾಲೆ ರೋಗಿಗಳಲ್ಲಿ ರಕ್ತಸ್ರಾವದ ಭಯವುಂಟು.

ಮದ್ಯಪಾನ, 'ಬಿ' ಮತ್ತು 'ಸಿ' ವೈರಸ್‌ಗಳ ಸೋಂಕು, ಕೊಬ್ಬಿನ ಶೇಖರಣೆ ಮುಂತಾದ ಕಾರಣಗಳಿಂದ ಯಕೃತ್ತು ಕ್ರಮೇಣ ಗಡುಸಾಗುವುದಕ್ಕೆ ಸಿರೋಸಿಸ್ ಎಂದು ಹೆಸರು. ಆಗ ಕರುಳಿನಿಂದ ಬರುವ ರಕ್ತಕ್ಕೆ ದಾರಿ ಇಕ್ಕಟ್ಟಾಗಿ ಒತ್ತಡವೇರುತ್ತದೆ. ಗುಲ್ಮವು ಹಿಗ್ಗಿ, ರಕ್ತದ ಪ್ಲೇಟ್‌ಲೆಟ್‌ಗಳನ್ನು ತನ್ನಲ್ಲೇ ಹಿಡಿದಿಡುತ್ತದೆ. ವಸಡು ಮೂಗುಗಳಲ್ಲಿ ರಕ್ತ ಒಸರುವುದು, ಸಣ್ಣ ಪೆಟ್ಟಿಗೂ ಚರ್ಮ ಕಂದುಗಟ್ಟುವುದು ಇದರ ಸೂಚನೆಗಳು. ಅನ್ನನಾಳದ ಉಬ್ಬಿದ ಅಭಿಧಮನಿಗಳು ಒಡೆದರಂತೂ ಪ್ರಾಣಾಪಾಯ; ಅದಕ್ಕೆ ಮುಖ್ಯ ಕಾರಣ ಈ ಒತ್ತಡವೇ ಹೊರತು ಹೆಪ್ಪುಗಟ್ಟುವ ಶಕ್ತಿಯ ಕೊರತೆಯಲ್ಲ.

1935ರಲ್ಲಿ ಅಮೆರಿಕದ ಆರ್ಮಂಡ್ ಕ್ವಿಕ್ ಅವರು ರೂಪಿಸಿದ ಪ್ರೋಥ್ರಾಂಬಿನ್ ಕಾಲಪರೀಕ್ಷೆಯಲ್ಲಿ ಇಂಥವರ ರಕ್ತವು ಹೆಪ್ಪುಗಟ್ಟಲು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಹೀಗಾಗಿ ಇವರ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿಲ್ಲವೆಂದು ಬಹುಕಾಲ ನಂಬಲಾಗಿತ್ತು. ಈ ನಂಬಿಕೆ ಸರಿಯಲ್ಲವೆಂದು ಇತ್ತೀಚಿನ ದಶಕಗಳ ಸಂಶೋಧನೆ ತೋರಿಸಿದೆ. ಹೆಪ್ಪನ್ನು ತಡೆಯುವ ಆಂಟಿಥ್ರಾಂಬಿನ್, ಪ್ರೋಟೀನ್ 'ಸಿ' ಎಂಬ ವಸ್ತುಗಳೂ ಯಕೃತ್ತಿನಲ್ಲಿಯೇ ಹುಟ್ಟುವುದರಿಂದ ಅವೂ ಕುಂದುತ್ತವೆ. ತಕ್ಕಡಿಯ ಎರಡು ತಟ್ಟೆಗಳೂ ಹಗುರವಾದಾಗ ಮುಳ್ಳು ನಡುವೆ ನಿಂತೀತು. ಆದರೆ ಅಲ್ಪ ಭಾರಕ್ಕೂ ಅತ್ತಿತ್ತ ವಾಲೀತು. ಮೇಲಿನ ಪರೀಕ್ಷೆ ಅಳೆಯುವುದು ಒಂದೇ ತಟ್ಟೆಯನ್ನು. ಆದಕಾರಣ ಸೋಂಕು ತಗಲಿದಾಗ ರಕ್ತಸ್ರಾವವೂ ಆಗಬಹುದು, ಯಕೃತ್ತಿಗೆ ರಕ್ತವನ್ನು ತರುವ ಮಹಾನಾಳದಲ್ಲಿ ಹೆಪ್ಪೂ ಕಟ್ಟಬಹುದು. ಪರೀಕ್ಷೆಯ ಅಂಕಿಯನ್ನು ಸರಿಪಡಿಸಲೆಂದೇ ಪ್ಲಾಸ್ಮಾ ನೀಡುವುದು ಎಲ್ಲ ಸಂದರ್ಭಗಳಲ್ಲೂ ಹಿತವಲ್ಲ. ಹೆಚ್ಚಿದ ದ್ರವದಿಂದ ನಾಳಗಳ ಒತ್ತಡ ಮತ್ತಷ್ಟು ಏರುವ ಸಂಭವವಿದೆ. ದಾನಿಗಳಿತ್ತ ರಕ್ತವು ಅಮೂಲ್ಯವಾದುದು. ಅದು ನಿಜವಾದ ಅಗತ್ಯಕ್ಕೇ ಸಲ್ಲಬೇಕು.

ಇಂತಹ ರೋಗಿಯು ರಕ್ತ ವಾಂತಿ ಮಾಡಿಕೊಂಡರೆ ಅಥವಾ ಮಲವು ಡಾಂಬರಿನಂತೆ ಕಪ್ಪಾದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವೈದ್ಯರ ಸಲಹೆಯಿಲ್ಲದೆ ನೋವಿನ ಮಾತ್ರೆಗಳನ್ನು ನುಂಗಬಾರದು. ಮದ್ಯವನ್ನು ಸಂಪೂರ್ಣವಾಗಿ ತ್ಯಜಿಸಬೇಕು. 'ಬಿ' ಸೋಂಕಿಗೆ ತಡೆಲಸಿಕೆಯುಂಟು, 'ಸಿ' ಸೋಂಕನ್ನು ಗುಣಪಡಿಸುವ ಮಾತ್ರೆಗಳುಂಟು. ಯಕೃತ್ತು ಬಹುಕಾಲ ಮೌನವಾಗಿ ನೋವುಂಡು ದುಡಿಯುವ ಅಂಗ. ಅದು ಸೋಲುವ ಮುನ್ನವೇ ಅದನ್ನು ಕಾಯುವುದು ವಿವೇಕಿಗಳ ಲಕ್ಷಣ.