ಚೀಲ ಸುರಿಸಿ ನೋಡಿದ ಡಾಕ್ಟರು

ನಾನು ಹುಡುಗನಾಗಿದ್ದಾಗ ಅಗ್ರಹಾರದ ನಮ್ಮ ಬೀದಿಗೆಲ್ಲ ಒಬ್ಬರೇ ಡಾಕ್ಟರು. ನಾಲಿಗೆ ನೋಡಿ, ನಾಡಿ ಹಿಡಿದು, ಬೆನ್ನ ಮೇಲೆ ಬೆರಳಿಟ್ಟು ತಟ್ಟಿ, ಆಮೇಲೆ ಸ್ಟೆತಾಸ್ಕೋಪ್ ಇಡುತ್ತಿದ್ದರು. ಕಾಂಪೌಂಡರ್ ಕೊಡುತ್ತಿದ್ದ ಕೆಂಪು ಮಿಕ್ಸ್‌ಚರ್ ಬಾಟಲಿಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ. ಒಂದು ಹಲ್ಲು ಇಳಿದರೆ ಒಂದು ಹೊತ್ತಿನ ಔಷಧಿ. ಮಕ್ಕಳೇ, ಸ್ಟೆತಾಸ್ಕೋಪ್ ಹುಟ್ಟಿದ್ದೂ ಕಾಗದದಿಂದಲೇ. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಎಂಬ ವೈದ್ಯರು ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಬಡಿತ ಕೇಳಿದರು.

ಹಾಗೆಂದು ಹಳೆಯದೆಲ್ಲ ಚಿನ್ನವಲ್ಲ. ನಮ್ಮ ತಂದೆಯವರ ಸಕ್ಕರೆ ಕಾಯಿಲೆ ಗೊತ್ತಾದದ್ದು ಕಾಲಿನ ಗಾಯ ಮಾಯದೇ ಹೋದಾಗ. ನನ್ನದು ಬೆರಳ ತುದಿಯ ಒಂದು ಹನಿ ರಕ್ತದಲ್ಲೇ ಗೊತ್ತಾಯಿತು.

ಕಳೆದ ವರ್ಷ ನನ್ನ ಎರಡೂ ಪಾದ ಊದಿಕೊಂಡವು. ಹೃದಯದ ಡಾಕ್ಟರು ಎಕೋ ಮಾಡಿಸಿದರು, ಕಿಡ್ನಿ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಎರಡೂ ನಾರ್ಮಲ್. ಆದರೂ ಊತ ಇಳಿಯಲೆಂದು ಮೂತ್ರ ಹೆಚ್ಚಿಸುವ ಮಾತ್ರೆ ಬಂತು. ಅದನ್ನು ನುಂಗಿ ರಾತ್ರಿಯೆಲ್ಲ ಏಳುವುದೇ ಆಯಿತು. ಒಂದು ದಿನ ತಲೆ ಸುತ್ತಿ ಬಚ್ಚಲ ಬಾಗಿಲಲ್ಲಿ ಬಿದ್ದೆ. ಹಣೆಗೆ ನಾಲ್ಕು ಹೊಲಿಗೆ. ‘ವಯಸ್ಸಾಯಿತಲ್ಲ’ ಎಂದರು.

ಮಗಳು ಹಟ ಹಿಡಿದು ಜನರಲ್ ಮೆಡಿಸಿನ್ ಓದಿದ ಡಾಕ್ಟರೊಬ್ಬರ ಬಳಿ ಕರೆದೊಯ್ದಳು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂದ ನಮ್ಮ ಮೆಡಿಕಲ್ ಕಾಲೇಜಿನಲ್ಲೇ ಓದಿದವರು. ವಯಸ್ಸಿನಲ್ಲಿ ಮಗಳಿಗಿಂತ ಚಿಕ್ಕವರು. ರಿಪೋರ್ಟು ಪಕ್ಕಕ್ಕಿಟ್ಟು, ‘ಮಾತ್ರೆ ಚೀಲ ತಂದಿದ್ದೀರಾ ಸಾರ್? ಇಲ್ಲಿ ಸುರೀರಿ’ ಎಂದರು. ಒಂಬತ್ತು ಬಗೆ! ಮೊಮ್ಮಗಳು ಒಂದೊಂದೇ ಹೆಸರು ಓದಿದಳು. ಡಾಕ್ಟರು ನನ್ನ ಪಾದ ಒತ್ತಿದರು. ಹೆಬ್ಬೆರಳಿನ ಗುಳಿ ಹಾಗೇ ಉಳಿಯಿತು. ‘ಬಿಪಿ ಮಾತ್ರೆ ಜಾಸ್ತಿ ಮಾಡಿದ್ದು ಯಾವಾಗ? ಊತ ಶುರುವಾದದ್ದು ಯಾವಾಗ?’

ಗುಮಾಸ್ತನ ಬುದ್ಧಿ, ಡೈರಿಯಲ್ಲಿ ತಾರೀಕು ಬರೆದಿದ್ದೆ. ಮೂರೇ ವಾರದ ಅಂತರ. ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದಿದ್ದರೆ ಹೊಸ ಎಂಟ್ರಿ ಹಾಕಿ ಸರಿದೂಗಿಸುವಂತಿರಲಿಲ್ಲ, ತಪ್ಪಿದ ಎಂಟ್ರಿಯನ್ನೇ ಹುಡುಕಬೇಕಿತ್ತು. ಅವರು ಮಾಡಿದ್ದೂ ಅದೇ.

ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ಕೆಲವರಿಗೆ, ಅದರಲ್ಲೂ ಡೋಸ್ ಹೆಚ್ಚಾದಾಗ, ಕಾಲು ಊದಿಸುತ್ತದಂತೆ. ಸಣ್ಣ ರಕ್ತನಾಳ ಹಿಗ್ಗಿ ನೀರು ಹೊರಗೆ ಜಿನುಗುತ್ತದೆ. ಮೂತ್ರದ ಮಾತ್ರೆಯಿಂದ ಅದಕ್ಕೆ ಹೆಚ್ಚು ಉಪಯೋಗವಿಲ್ಲ. ಅದನ್ನು ನಿಲ್ಲಿಸಿ, ಬಿಪಿ ಮಾತ್ರೆ ಬದಲಿಸಿದರು. (ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ; ನನ್ನಿಂದಲೂ ಎರಡು ವಾರ ದಿನಾ ಬಿಪಿ ಬರೆಸಿಯೇ ಮುಂದುವರಿದರು.) ಫೀಸು ಎಕೋ ಖರ್ಚಿನ ಕಾಲು ಭಾಗವೂ ಇರಲಿಲ್ಲ.

ತಿಂಗಳೊಳಗೆ ಹಳೆಯ ಚಪ್ಪಲಿ ಕಾಲಿಗೆ ಹಿಡಿಯಿತು. ಈಗ ಬೆಳಿಗ್ಗೆ ಮತ್ತೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತಿದ್ದೇನೆ, ಒಂದೇ ಸುತ್ತು. ಮಾತ್ರೆಗಳ ಪಟ್ಟಿಯನ್ನು ಮೊಮ್ಮಗಳು ದುಂಡಗೆ ಬರೆದು ಅಡುಗೆಮನೆ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದಾಳೆ.