ಟೈರಿನ ಒಳಬಿಸಿ
ಟ್ರ್ಯಾಕ್ ಡೇಯಲ್ಲಿ ಪಿಟ್‌ಗೆ ಬಂದ ಕಾರಿನ ಟೈರಿಗೆ ಇನ್‌ಫ್ರಾರೆಡ್ ಗನ್ ಹಿಡಿದರೆ ಸಿಗುವುದು ಮೇಲ್ಮೈಯ ಬಿಸಿ ಮಾತ್ರ. ಅದು ನೋಡನೋಡುತ್ತಲೇ ಇಳಿದುಬಿಡುತ್ತದೆ. ರಬ್ಬರಿನೊಳಗೆ 2-3 ಮಿಲಿಮೀಟರ್ ಚುಚ್ಚುವ ಸೂಜಿ ಪೈರೋಮೀಟರ್ ತೋರಿಸುವ ಬಿಸಿ ಅಷ್ಟು ಬೇಗ ಆರದು, ನಂಬಬೇಕಾದ್ದು ಅದನ್ನೇ. ಒಳ ಅಂಚು, ನಡು, ಹೊರ ಅಂಚು ಎಂದು ಪ್ರತಿ ಟೈರಿಗೂ ಮೂರು ಅಳತೆ, ಪ್ರತಿ ಸಲವೂ ಅದೇ ಕ್ರಮದಲ್ಲಿ. ನಡುಭಾಗವೇ ಹೆಚ್ಚು ಕಾದಿದ್ದರೆ ಗಾಳಿ ಜಾಸ್ತಿಯಾಗಿದೆ. ಹೊರ ಅಂಚು ಕಾದಿದ್ದರೆ ಸಾಮಾನ್ಯವಾಗಿ ನೆಗೆಟಿವ್ ಕ್ಯಾಂಬರ್ ಸಾಲದು.

ಪಿಟ್‌ಗೆ ಬರುವಷ್ಟರಲ್ಲೇ ಟೈರ್ ಆರಿರುತ್ತದಲ್ಲ ಎಂಬ ಆಕ್ಷೇಪ ಸರಿಯೇ. ಆದರೂ ಮೂರು ಜಾಗಗಳ ನಡುವಿನ ವ್ಯತ್ಯಾಸ ಇನ್ನೂ ಉಳಿದಿರುತ್ತದೆ, ಸೆಟಪ್‌ಗೆ ಅಷ್ಟು ಸಾಕು. ಕೂಲ್‌ಡೌನ್ ಲ್ಯಾಪ್ ಸುತ್ತಿದರೆ ಅದೂ ಅಳಿಸಿಹೋಗುತ್ತದೆ. ಬ್ರೇಕ್ ತಣಿಯಬೇಕಲ್ಲ ಎನ್ನುವವರು ಮೊದಲು ಅಳೆದು, ಆಮೇಲೆ ಪ್ಯಾಡಾಕ್‌ನಲ್ಲಿ ನಿಧಾನಕ್ಕೆ ಓಡಾಡಿಸಲಿ; ಹ್ಯಾಂಡ್‌ಬ್ರೇಕ್ ಮಾತ್ರ ಎಳೆಯದಿರಲಿ.